ಕೇಬಲ್ಲಿನ ಆಚೆ ತುದಿ

ನಮ್ಮ ಮೊದಲ ವಿಡಿಯೋ ಕ್ಯಾಮೆರಾ ಎರಡು ತುಂಡಾಗಿತ್ತು. ಕ್ಯಾಮೆರಾ ಬೇರೆ, ಕ್ಯಾಸೆಟ್ ಓಡುವ ಪೆಟ್ಟಿಗೆ ಬೇರೆ. ಎರಡರ ನಡುವೆ ಕರಿ ಬಣ್ಣದ ಒಂದು ಕೇಬಲ್. ಕ್ಯಾಮೆರಾ ನನ್ನ ಹೆಗಲಿಗೆ, ಪೆಟ್ಟಿಗೆ ನನ್ನ ಹೆಂಡತಿಯ ಹೆಗಲಿಗೆ. ನಾನು ನಡೆದರೆ ಅವಳು ನಡೆಯಬೇಕು, ನಾನು ಬಂಡೆ ಹತ್ತಿದರೆ ಅವಳೂ ಹತ್ತಬೇಕು. ಕ್ಯಾಮೆರಾದೊಳಗೆ ಕಣ್ಣಿಟ್ಟು ಮೈಮರೆತು ನಾನು ಮುಂದೆ ಹೋದರೆ ಕೇಬಲ್ ಬಿಗಿದು ಹಿಂದಿನಿಂದ ಒಂದು ಜಗ್ಗು ಬರುತ್ತಿತ್ತು.

"ಹೋಯ್, ಹಿಂದೆ ಒಂದು ಜೀವ ಅದೆ, ನೆನಪಿರ್ಲಿ" ಎನ್ನುತ್ತಿದ್ದಳು.

ಈಗ ಆ ಕೇಬಲ್ ಗೋಡೆಯ ಮೊಳೆಗೆ ಸುತ್ತಿ ಹಾಕಿದ್ದೇನೆ. ಉಪಯೋಗವೇನೂ ಇಲ್ಲ.

ಈ ಕೆಲಸಕ್ಕೆ ನಾನು ಬಂದದ್ದು ಎಪ್ಪತ್ತರ ದಶಕದಲ್ಲಿ. ಹೊನ್ನಾವರದ ನಮ್ಮ ಮನೆಯಲ್ಲಿ ದೋಣಿ ಇತ್ತು, ಬಲೆ ಇತ್ತು. ನನಗೆ ಎರಡೂ ಒಗ್ಗಲಿಲ್ಲ. ಕುಮಟೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿಯ ಧಣಿಯ ಹತ್ತಿರ ಮುಂಬಯಿಯ ಸಂಬಂಧಿಕರು ಬಿಟ್ಟುಹೋದ ಸಣ್ಣ ಸಿನಿಮಾ ಕ್ಯಾಮೆರಾ ಇತ್ತು. ಅದನ್ನು ಕೇಳಿ ಪಡೆದು, ಕಾಡಿನ ದಾರಿ ನಡೆದು, ಯಾಣದ ಬಂಡೆಗಳ ಚಿತ್ರ ತೆಗೆದುಕೊಂಡು ಬಂದೆ. ಒಂದು ರೀಲಿಗೆ ಮೂರು ನಿಮಿಷ. ತೊಳೆಯುವುದಕ್ಕೆ ಅದು ಅಂಚೆಯಲ್ಲಿ ಮುಂಬಯಿಗೆ ಹೋಗಬೇಕಿತ್ತು. ತಿಂಗಳು ಕಾದ ಮೇಲೆ ರೀಲು ಬಂತು. ಗೋಡೆಗೆ ಅಪ್ಪನ ಪಂಚೆ ಕಟ್ಟಿ, ಧಣಿಯ ಪ್ರೊಜೆಕ್ಟರ್ ತಂದು, ಮನೆಯವರನ್ನೆಲ್ಲ ಕೂರಿಸಿ ಓಡಿಸಿದೆ. ಕಾಡಿನ ಬೆಳಕು ಸಾಲದೆ ಇಡೀ ರೀಲು ಕಪ್ಪಾಗಿತ್ತು. ಬಂಡೆಗಳ ನಡುವಿನ ಆಕಾಶ ಮಾತ್ರ ಒಂದು ಬಿಳಿ ಗೆರೆಯಾಗಿ ಅಲುಗುತ್ತಿತ್ತು.

"ಇದೆಂತದಾ?" ಎಂದ ಅಪ್ಪ. "ಕತ್ಲೆ ನೋಡುಕೆ ಯಾಣದ ತನಕ ಹೋಗಿದ್ಯಾ? ಇಲ್ಲೇ ಕೂತು ಕಣ್ಣು ಮುಚ್ಕಂಡಿದ್ರೆ ಆಗಿತ್ತಲ್ಲ."

ಎಲ್ಲರೂ ನಕ್ಕರು. ನಮಗೆ ಮದುವೆಯಾಗಿ ಆಗ ನಾಲ್ಕು ತಿಂಗಳು. ಬಾಗಿಲ ಹತ್ತಿರ ನಿಂತಿದ್ದ ಅವಳು ನಗಲಿಲ್ಲ. ಆಮೇಲೆ ಪಂಚೆ ಮಡಿಸುತ್ತ ಕೇಳಿದಳು, "ಆ ಬಿಳಿ ಗೆರೆ ಎಂತದು?"

"ಆಕಾಶ."

"ಚಂದ ಇತ್ತು" ಎಂದಳು.

ಎರಡನೇ ಸಲ ಮಳೆಗಾಲ ಕಳೆದ ಮೇಲೆ, ಬಿಸಿಲು ನೆತ್ತಿಗೆ ಬರುವ ಹೊತ್ತು ನೋಡಿಕೊಂಡು ಹೋದೆ. ಯಾಣ ಸಿಕ್ಕಿತು. ಆಮೇಲೆ ಇಡಗುಂಜಿಗೆ ನಡೆದು ಬರುವ ಜನ, ಶರಾವತಿ ದಾಟಿಸುವ ಲಾಂಚು, ಮಾವಳ್ಳಿಯ ದಂಡೆಯಲ್ಲಿ ಬಲೆ ಎಳೆಯುವವರು. ಇವನ್ನು ಶಾಲೆಗಳಲ್ಲಿ ತೋರಿಸುತ್ತಿದ್ದೆ. ರೀಲಿಗೆ ಧ್ವನಿ ಇರಲಿಲ್ಲ, ಪರದೆಯ ಪಕ್ಕದಲ್ಲಿ ನಿಂತು ನಾನೇ ಮಾತಾಡುತ್ತಿದ್ದೆ. ದಿನಾ ಕಾಣುವ ಲಾಂಚನ್ನು ಗೋಡೆಯ ಮೇಲೆ ನೋಡಲು ಯಾರು ಬರುತ್ತಾರೆ ಎಂದು ಅಪ್ಪ ಕೇಳುತ್ತಿದ್ದ. ಲಾಂಚಿನಲ್ಲಿ ದಿನಾ ಹೋಗುವವರೇ ಬಂದು ಎಲ್ಲರಿಗಿಂತ ಮುಂದೆ ಕೂರುತ್ತಿದ್ದರು. ಊಟಕ್ಕೆ ದಾರಿ ಮಾಡಿದ್ದು ಮದುವೆಯ ಫೋಟೋಗಳು. ಆದರೆ ಊರೂರು ತಿರುಗಿ ಚಿತ್ರ ತೆಗೆಯುವುದೇ ನನ್ನ ಕಸುಬು ಎಂದು ನಾನು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದೆ. ಅದು ನನ್ನನ್ನು ಬಿಟ್ಟರೆ ಅವಳೊಬ್ಬಳಿಗೆ ಗೊತ್ತಿತ್ತು.

ಎಂಬತ್ತರ ದಶಕದಲ್ಲಿ ವಿಡಿಯೋ ಬಂತು. ಭಟ್ಕಳದಲ್ಲಿ ದುಬೈಯಿಂದ ರಜೆಗೆ ಬಂದವರೊಬ್ಬರಿಂದ ಆ ಎರಡು ತುಂಡಿನ ಕ್ಯಾಮೆರಾ ಕೊಂಡೆ. ಆಗ ನನ್ನ ಕಸುಬಿಗೆ ನಿಜವಾದ ಗಿರಾಕಿಗಳು ಸಿಕ್ಕಿದರು. ಮುಂಬಯಿಯಲ್ಲಿ, ಗಲ್ಫಿನಲ್ಲಿ ಇದ್ದವರಿಗೆ ತಮ್ಮ ಊರು ನೋಡಬೇಕಾಗಿತ್ತು. ನನ್ನ ಶಾಲೆಯ ಗೇಟು ಬೇಕು, ಮೀನು ಪೇಟೆ ಬೇಕು, ಹೊಳೆ ದಾಟುವ ಕಡವು ಬೇಕು ಎಂದು ಕಾಗದ ಬರೆಯುತ್ತಿದ್ದರು. ಅವರು ಬರಲಾಗದ ಜಾಗಗಳಿಗೆ ನಾವಿಬ್ಬರು ಹೋಗಿ ಬರುತ್ತಿದ್ದೆವು.

ನನಗೆ ಸಂಜೆಯ ಬೆಳಕಿನ ಹುಚ್ಚು. ಸಮುದ್ರದ ಮೇಲೆ ಬಣ್ಣ ಬರುವ ತನಕ ದಂಡೆಯಲ್ಲಿ ನಿಂತೇ ಇರುತ್ತಿದ್ದೆ. ಪೆಟ್ಟಿಗೆಯ ಭಾರಕ್ಕೆ ಅವಳ ಹೆಗಲು ಕೆಂಪಾಗಿರುತ್ತಿತ್ತು. ಬಳೆಯ ಸದ್ದು ಮೈಕಿಗೆ ಸಿಗಬಾರದೆಂದು ಬಳೆಗಳನ್ನು ಮೇಲೆ ಸರಿಸಿ ಟವಲು ಸುತ್ತಿಕೊಳ್ಳುತ್ತಿದ್ದಳು. ಆದರೆ ಬಾಯಿಗೆ ಟವಲು ಇರಲಿಲ್ಲ. ಒಂದು ಹೊತ್ತು ಸುಮ್ಮನಿದ್ದು, ನಾನು ಒಳ್ಳೆಯ ಚಿತ್ರ ಹಿಡಿಯುತ್ತಿರುವಾಗಲೇ ಹೇಳುತ್ತಿದ್ದಳು.

"ಆತಲ್ಲ, ಸಾಕು ಮಾಡಿ. ಸಮುದ್ರ ಎಲ್ಲಿಗೂ ಹೋಗೂದಿಲ್ಲ, ಗಂಜೀ ಆರ್ತದೆ."

ಗಂಜಿ ಎನ್ನುವಲ್ಲಿ ಸ್ವಲ್ಪ ಎಳೆಯುತ್ತಿದ್ದಳು. ಹಾಳು ಮಾಡಿದೆ ನೋಡು ಎಂದು ನಾನು ಬೈಯುತ್ತಿದ್ದೆ. "ನೀವು ಬೈದದ್ದು ಬೀಳುದಿಲ್ಲನಾ ಅದ್ರಲ್ಲಿ?" ಎಂದು ಅವಳು ನಗುತ್ತಿದ್ದಳು.

ಮನೆಗೆ ಬಂದ ಮೇಲೆ ಧ್ವನಿ ಹಾಕುವ ಕೆಲಸ. ಯಂತ್ರದಲ್ಲಿ ಒಂದು ಗುಂಡಿ ಒತ್ತಿದರೆ ಚಿತ್ರ ಹಾಗೇ ಉಳಿದು ಹಳೆಯ ಸದ್ದು ಅಳಿಯುತ್ತಿತ್ತು, ಅದರ ಜಾಗದಲ್ಲಿ ಹೊಸದು ಕೂರುತ್ತಿತ್ತು. ನಾನು ಕೊಳಲಿನ ಕ್ಯಾಸೆಟ್ ಹಚ್ಚಿ, ಕಾಗದ ನೋಡಿ ಓದುತ್ತಿದ್ದೆ. ಬಸ್ಸಿನ ಹಾರ್ನು, ನಾಯಿಯ ಕೂಗು, ಅವಳ ಮಾತು ಎಲ್ಲ ಒಟ್ಟಿಗೆ ಹೋಗುತ್ತಿತ್ತು. ಅವಳು ಅಡಿಗೆ ಮನೆಯಲ್ಲಿ ಪಾತ್ರೆಯ ಸದ್ದು ಮಾಡದೆ, ನಾನು ಮುಗಿಸುವ ತನಕ ಕೂತಿರುತ್ತಿದ್ದಳು.

ಒಂದೇ ಒಂದು ಕ್ಯಾಸೆಟ್ಟಿಗೆ ಹಾಗೆ ಮಾಡಲಾಗಲಿಲ್ಲ. ಅದು ಭಟ್ಕಳದ ಒಂದು ನವಾಯತ ಮುಸ್ಲಿಮರ ಮನೆಯದು. ಮಗ ದುಬೈಯಲ್ಲಿದ್ದ. ಅವನಿಗೆ ತಾಯಿಯನ್ನೂ ಮನೆಯ ಹೆಂಗಸರನ್ನೂ ನೋಡಬೇಕಾಗಿತ್ತು. ಹೊರಗಿನ ಗಂಡಸು ಕ್ಯಾಮೆರಾ ಹಿಡಿದು ಒಳಗೆ ಹೋಗುವ ಹಾಗಿರಲಿಲ್ಲ. ಏನು ಮಾಡುವುದು ಎಂದು ನಾನು ಜಗಲಿಯಲ್ಲಿ ಯೋಚಿಸುತ್ತಿರುವಾಗ ಅವಳು ಪೆಟ್ಟಿಗೆಯನ್ನು ನನ್ನ ಹೆಗಲಿಗೆ ಹಾಕಿ ಕ್ಯಾಮೆರಾ ಕಸಿದುಕೊಂಡಳು.

"ಕೊಡಿ. ಇಷ್ಟು ವರ್ಷ ಹಿಂದೆ ನಿಂತು ನೋಡಿದ್ದೆಂತಕ್ಕೆ?"

ಕೇಬಲ್ ಬಾಗಿಲ ಪರದೆಯ ಕೆಳಗಿನಿಂದ ಒಳಗೆ ಹೋಯಿತು. ನಾನು ಪೆಟ್ಟಿಗೆ ಹೊತ್ತು ಹೊರಗೆ ನಿಂತೆ. ಒಳಗೆ ಒಂದೇ ನಗು. ಅವಳು ಯಾರನ್ನೋ ಕೂರಿಸುತ್ತಿದ್ದಳು, ಯಾರಿಗೋ ಅಳಬೇಡಿ ಎನ್ನುತ್ತಿದ್ದಳು. ಇದ್ದಕ್ಕಿದ್ದಂತೆ ಕೇಬಲ್ ಬಿಗಿದು ನಾನು ಮುಗ್ಗರಿಸಿದೆ.

"ಮೆಲ್ಲ!" ಎಂದು ಕೂಗಿದೆ.

"ಹಿಂದೆ ಒಂದು ಜೀವ ಅದೆ, ಗೊತ್ತದೆ!" ಎಂದು ಒಳಗಿನಿಂದ ಉತ್ತರ ಬಂತು. ಹೆಂಗಸರೆಲ್ಲ ಮತ್ತೆ ನಕ್ಕರು.

ಅದೇ ಕ್ಯಾಸೆಟ್ಟಿಗೆ ಸಮುದ್ರವನ್ನೂ ತೆಗೆದೆವು. ಅಲ್ಲಿ ಅವಳು ಪೆಟ್ಟಿಗೆ ಹೊತ್ತು ನಿಂತು ತನ್ನ ಗಂಜಿಯ ಮಾತನ್ನು ತಪ್ಪದೆ ಹೇಳಿದಳು. ಆ ಸಂಜೆಯೇ ಅವರ ಸಂಬಂಧಿಕರೊಬ್ಬರು ಮುಂಬಯಿ ಬಸ್ಸು ಹತ್ತಿ, ಅಲ್ಲಿಂದ ದುಬೈಗೆ ಹೋಗುವವರಿದ್ದರು. ಧ್ವನಿ ಹಾಕುವುದಕ್ಕೆ ಸಮಯವೇ ಇರಲಿಲ್ಲ. ಇದ್ದಹಾಗೇ ಕ್ಯಾಸೆಟ್ ಕೊಟ್ಟು ಬಂದೆ. ಬಸ್ಸಿನಲ್ಲಿ ನನಗೆ ನಾಚಿಕೆಯಾಗುತ್ತಿತ್ತು. "ಹೋಗ್ಲಿ ಬಿಡಿ" ಎಂದಳು ಅವಳು, "ನಮ್ಮ ಗಲಾಟೆಯೂ ಒಂದ್ಸಲ ದುಬೈ ನೋಡ್ಲಿ."

ಕೆಲವು ವರ್ಷಗಳ ಮೇಲೆ ಒಂದೇ ತುಂಡಿನ ಕ್ಯಾಮೆರಾ ಕೊಂಡೆ. ಕ್ಯಾಸೆಟ್ ಅದರೊಳಗೇ ಓಡುತ್ತಿತ್ತು. ಪೆಟ್ಟಿಗೆ ಬೇಡ, ಕೇಬಲ್ ಬೇಡ. "ಇನ್ನು ನೀನು ಕಷ್ಟಪಟ್ಟು ಬರುವುದು ಬೇಡ, ಆರಾಮಾಗಿರು" ಎಂದೆ. ಅವಳಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ಅವಳು "ಆತು" ಎಂದಳು. ಅಷ್ಟೇ.

ಆಮೇಲೆ ನನ್ನ ಕೆಲಸ ಬೆಳೆಯಿತು. ಕಾರವಾರ, ಗೋವಾ, ಮಂಗಳೂರಿನ ತನಕ ಕರೆ ಬರುತ್ತಿತ್ತು. ಲಾಡ್ಜಿನಲ್ಲಿ ಒಬ್ಬನೇ ಇರುತ್ತಿದ್ದೆ, ಹೋಟೆಲಿನಲ್ಲಿ ಒಬ್ಬನೇ ಉಣ್ಣುತ್ತಿದ್ದೆ. ಸಮುದ್ರದ ಎದುರು ಎಷ್ಟು ಹೊತ್ತು ನಿಂತರೂ ಸಾಕು ಎನ್ನುವವರಿರಲಿಲ್ಲ. ಚಿತ್ರಗಳು ಮೊದಲಿಗಿಂತ ಚೆನ್ನಾಗಿದ್ದವು. ಮನೆಗೆ ಬಂದರೆ ಅವಳು, "ಇವತ್ತು ಎಂತ ಕಂಡ್ರಿ?" ಎಂದು ಕೇಳುತ್ತಿದ್ದಳು. ಕ್ಯಾಸೆಟ್ ಹಾಕಿ ತೋರಿಸುತ್ತೇನೆ ಎನ್ನುತ್ತಿದ್ದೆ. ತೋರಿಸಿದ್ದು ಕಡಿಮೆ.

ಅವಳಿಗೆ ಜ್ವರ ಬಂದಾಗ ನಾನು ಯಾಣದಲ್ಲಿದ್ದೆ. ಒಳ್ಳೆಯ ಕ್ಯಾಮೆರಾದಲ್ಲಿ ಅದನ್ನು ಇನ್ನೊಮ್ಮೆ ತೆಗೆಯಬೇಕೆಂದು ಹೋಗಿದ್ದೆ. ಎರಡು ದಿನ ಬಿಟ್ಟು ಬಂದಾಗ ಅವಳು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ಹೋದಳು.

ಫೋಟೋಗಳು ಬೇಕಾದಷ್ಟಿದ್ದವು. ಸ್ಟುಡಿಯೋದವನ ಹೆಂಡತಿ, ಫೋಟೋಕ್ಕೆ ಏನು ಕೊರತೆ. ಧ್ವನಿ ಇರಲಿಲ್ಲ. ಹದಿಮೂರನೇ ದಿನ ಕಳೆದು ನೆಂಟರು ಹೋದ ಮೇಲೆ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಅವಳು ನನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಿಂತು ಮಾತಾಡಿದ ಜಾಗಗಳೆಲ್ಲ ನನಗೆ ನೆನಪಿದ್ದವು. ಈ ಅಲೆ ಬಂದಾಗ ಹೇಳಿದ್ದಳು, ಈ ದೋಣಿ ತಿರುಗಿದಾಗ ಹೇಳಿದ್ದಳು. ಅಲ್ಲೆಲ್ಲ ಕೊಳಲು. ಕೊಳಲಿನ ಮೇಲೆ ನಾನು. "ಇದು ಶರಾವತಿ ಸಮುದ್ರವನ್ನು ಸೇರುವ ಸ್ಥಳ." ನನ್ನ ಧ್ವನಿ ಕೇಳಿ ನನಗೇ ಬೇಸರ ಬಂತು.

ಆಗ ಭಟ್ಕಳದ ಕ್ಯಾಸೆಟ್ ನೆನಪಾಯಿತು.

ಮರುದಿನವೇ ಬಸ್ಸು ಹತ್ತಿದೆ. ಸಿಕ್ಕರೆ ಅಲ್ಲೇ ಪ್ರತಿ ತೆಗೆದುಕೊಳ್ಳಲು ಕ್ಯಾಮೆರಾ ಜೊತೆಗಿತ್ತು. ಮನೆಯ ಮುದುಕಿ ನನ್ನನ್ನು ನೋಡಿದ ಕೂಡಲೇ ಗುರುತಿಸಿದರು.

"ಬನ್ನಿ ವಿಡಿಯೋದವರೇ! ಎಂತ, ಒಬ್ರೇ ಬಂದ್ರಿ? ಮನೆಯವ್ರೆಲ್ಲಿ?"

ಹೇಳಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟರು. ಪರದೆಯ ಆಚೆ ನಡೆದಾಡುವ ಸದ್ದೂ ನಿಂತಿತು.

ನಾನು ಕ್ಯಾಸೆಟ್ಟಿನ ವಿಷಯ ಕೇಳಿದೆ. ಇತ್ತು ಎಂದರು. ಮಗ ರಜೆಗೆ ಬರುವಾಗ ತಂದಿದ್ದ. ಹುಡುಕಿ ತಂದು ಹಾಕಿದರು. ಟಿವಿಯಲ್ಲಿ ಬಣ್ಣದ ಬಲೂನುಗಳು ಬಂದವು, ಕೇಕು ಬಂತು, ಗುಲಾಬಿ ಅಂಗಿ ತೊಟ್ಟ ಒಂದು ಮಗು ಬಂತು. ದುಬೈಯಲ್ಲಿ ಮೊಮ್ಮಗಳ ಹುಟ್ಟುಹಬ್ಬವನ್ನು ಅದರ ಮೇಲೆಯೇ ತೆಗೆದಿದ್ದರು. ಮುಗಿದ ಮೇಲಾದರೂ ಹಳೆಯದು ಉಳಿದಿರಬಹುದೆಂದು ಕೊನೆಯ ತನಕ ಕೂತೆ. ಚಿತ್ರ ಮುಗಿದು ಬಿಳಿ ಚುಕ್ಕೆಗಳು ಕುದಿಯತೊಡಗಿದವು. ಮುದುಕಿಗೆ ಅರ್ಥವಾಯಿತು.

"ನಮ್ಗೆ ಗೊತ್ತಿದ್ರೆ ಮುಟ್ತಿರ್ಲಿಲ್ಲಪ್ಪ" ಎಂದರು. "ಮಗನೂ ಎಲ್ಲ ನೋಡಿ ನೋಡಿ ಬಾಯಿಪಾಠ ಆಗಿದೆ ಅಂತ ಹೇಳಿ..."

"ಇರ್ಲಿ ಅಮ್ಮ. ನಾನೂ ಅದನ್ನೇ ಮಾಡಿದವನು" ಎಂದೆ.

ಅವರು ಬಹಳ ಹೊತ್ತು ನನ್ನ ಹತ್ತಿರ ಕೂತಿದ್ದರು. ಮಕ್ಕಳಿದ್ದಾರಾ, ಅಡಿಗೆ ಯಾರು ಮಾಡುತ್ತಾರೆ ಎಂದೆಲ್ಲ ಕೇಳಿದರು. ಮಕ್ಕಳಿಲ್ಲ, ಅಡಿಗೆ ನಾನೇ ಎಂದೆ. ಒಳಗಿನಿಂದ ಸೊಸೆ ತಮ್ಮ ನವಾಯತಿ ಮಾತಿನಲ್ಲಿ ಎರಡು ಸಲ ಊಟಕ್ಕೆ ಕರೆದಳು. ಮುದುಕಿ ಏಳಲಿಲ್ಲ. ಮೂರನೇ ಸಲ ಪರದೆಯ ಆಚೆಯಿಂದ ಕನ್ನಡದಲ್ಲಿ ಬಂತು.

"ಅಮ್ಮಾ, ಸಮುದ್ರ ಎಲ್ಲಿಗೂ ಹೋಗೂದಿಲ್ಲ, ಗಂಜೀ ಆರ್ತದೆ!"

ಗಂಜಿ ಎನ್ನುವಲ್ಲಿ ಎಳೆದಿದ್ದಳು. ನಾನು ಪರದೆಯ ಕಡೆ ತಿರುಗಿದೆ.

"ಇದು..." ಎಂದೆ.

"ಅಯ್ಯೋ, ನಿಮ್ಮ ಮನೆಯವ್ರದ್ದೇ ಅಲ್ವಾ!" ಎಂದರು ಮುದುಕಿ. "ನಮ್ಮ ಮನೇಲಿ ಯಾರು ತಡ ಮಾಡಿದ್ರೂ ಇದೇ ಮಾತು. ದುಬೈಲಿ ಮಗನ ರೂಮಲ್ಲಿ ಮಲಯಾಳಿಗಳೂ ಹೇಳ್ತಾರಂತೆ. ನಮ್ಮಲ್ಲಿ ಗಂಜಿ ಬೇಯ್ಸುದು ಯಾರಿಗಾದ್ರೂ ಜ್ವರ ಬಂದ್ರೆ ಮಾತ್ರ. ಆದ್ರೂ ದಿನಾ ಆರುದು ಗಂಜಿಯೇ."

"ಇನ್ನೊಂದ್ಸಲ ಹೇಳ್ಲಿಕ್ಕೆ ಹೇಳಿ ಅಮ್ಮ."

ಮುದುಕಿ ಒಳಗೆ ಏನೋ ಹೇಳಿದರು. ಸಣ್ಣ ನಗು ಕೇಳಿಸಿತು. ನಾನು ಪರದೆಯ ಕೆಳಗಿನ ಅಂಚನ್ನು ನೋಡುತ್ತ ಕೂತಿದ್ದೆ. ಕ್ಯಾಮೆರಾ ಕಾಲ ಹತ್ತಿರ ಚೀಲದಲ್ಲಿತ್ತು. ಅದಕ್ಕೆ ಕೈ ಹಾಕಲಿಲ್ಲ. ಆ ಹೆಂಗಸು ಈ ಸಲ ಕೂಗದೆ, ಮೆಲ್ಲಗೆ, ಮೊದಲಿನಿಂದ ಕೊನೆಯ ತನಕ ಹೇಳಿದಳು. ಆತಲ್ಲ, ಸಾಕು ಮಾಡಿ ಎನ್ನುವುದನ್ನೂ ಬಿಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ನಾನು ಎದ್ದೆ, ಬಸ್ಸಿನ ಹೊತ್ತಾಯಿತು ಎಂದೆ.

"ಬಸ್ಸು ಇನ್ನೊಂದು ಬರ್ತದೆ. ಕೈ ತೊಳ್ಕೊಳ್ಳಿ" ಎಂದರು ಮುದುಕಿ.

ಕೈ ತೊಳೆದು ಕೂತೆ. ಅನ್ನ ಇನ್ನೂ ಬಿಸಿಯಾಗಿತ್ತು.