ಯಮ್ನಾಳ ಮೂರು ಚಮಚ

ಸಲಾ ಊರಿನ ಹಳೇ ಕೋಟೆಯೊಳಗೆ ರವೆಯನ್ನು ಕೈಯಲ್ಲೇ ಕಾಳುಕಾಳಾಗಿ ಹೊಸೆದು ಕುಸ್ಕುಸ್ ಮಾಡುವವರು ಈಗ ಮೂರೋ ನಾಲ್ಕೋ ಜನ ಉಳಿದಿದ್ದಾರೆ. ಅವರಲ್ಲಿ ಯಮ್ನಾ ಒಬ್ಬಳು. ಅಂಗಡಿಯ ಪೊಟ್ಟಣದ ಕುಸ್ಕುಸ್ ಕಂಡರೆ ಮೂಗು ಮುರಿಯುತ್ತಾಳೆ. ಮುರಿಯಲಿ, ಆ ಹಕ್ಕು ಅವಳಿಗಿದೆ. ನಲವತ್ತು ವರ್ಷ ಮರದ ದೊಡ್ಡ ಹರಿವಾಣದ ಮುಂದೆ ಕಾಲು ಚಾಚಿ ಕೂತು, ರವೆಗೆ ನೀರು ಚಿಮುಕಿಸಿ, ಅಂಗೈಯಡಿ ಉರುಳಿಸಿ, ಜರಡಿ ಹಿಡಿದು, ಊರಿನ ಮದುವೆ ಮನೆಗೂ ಸಾವಿನ ಮನೆಗೂ ಕಾಳು ಕಟ್ಟಿಕೊಟ್ಟವಳು. ಹರಿವಾಣ ಅವಳ ಅಮ್ಮನದು. ಗಂಡ ತೀರಿಕೊಂಡ ವಾರವೂ ಅದು ಖಾಲಿ ಇರಲಿಲ್ಲ.

ಕೂತು ಮಾಡುವ ಕೆಲಸ, ರುಚಿ ನೋಡುವ ಬಾಯಿ. ಐವತ್ತೇಳಕ್ಕೆ ಬರುವಷ್ಟರಲ್ಲಿ ನೂರಾ ಮೂವತ್ತೊಂದು ಕೆ.ಜಿ. ಆಗಿದ್ದಳು. ಮಂಡಿ ಕೈಕೊಟ್ಟವು, ಮಹಡಿ ಹತ್ತುವುದು ನಿಂತಿತು. ನದಿಯಾಚೆಯ ಆಸ್ಪತ್ರೆಯಲ್ಲಿ ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆದರು. ಬರುವಾಗ ಒಂದು ಚೀಟಿ ಕೊಟ್ಟರು: ಮೊದಲು ಮಾಂಸ, ಆಮೇಲೆ ತರಕಾರಿ, ಜಾಗ ಉಳಿದರೆ ಕೊನೆಗೆ ಎರಡು ಮೂರು ಚಮಚ ಕುಸ್ಕುಸ್.

ಈ ಚೀಟಿ ಬರೆದವರು ನಮ್ಮ ಕಡೆ ಶುಕ್ರವಾರ ಉಂಡವರಲ್ಲವೇನೋ! ನಮಾಜು ಮುಗಿದ ಮೇಲೆ ಎಲ್ಲರೂ ಒಂದೇ ತಟ್ಟೆಯ ಸುತ್ತ ಕೂರುತ್ತೇವೆ. ಅಂಚಿನಿಂದ ಕುಸ್ಕುಸ್ ತಿನ್ನುತ್ತ ಒಳಗೆ ಸರಿಯಬೇಕು. ನಡುವಿನ ಮಾಂಸವನ್ನು ಯಾರೂ ಮುಟ್ಟುವ ಹಾಗಿಲ್ಲ. ಕೊನೆಯಲ್ಲಿ ಮನೆಯ ಹಿರಿಯರು ಹರಿದು ಹಂಚಬೇಕು. ಹಂಚಬೇಕಾದ ಯಮ್ನಾಳೇ ಬಿಸ್ಮಿಲ್ಲಾ ಎಂದವಳೇ ನಡುವಿಗೆ ಕೈ ಹಾಕಿ ತನ್ನ ತುಂಡು ಎತ್ತಿಕೊಂಡ ದಿನ ಬಂಧುಗಳೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಸೊಸೆ ಇಬ್ತಿಸಾಮಳ ಚಿಕ್ಕಮ್ಮ ಜುಬೈದಾ ಅಂತೂ ಮಕ್ಕಳ ಎದುರಿಗೆ ಹೀಗೆ ಮಾಡುವುದುಂಟೇ ಎಂದು ಕೇಳಿಯೇಬಿಟ್ಟಳು. ಯಮ್ನಾ ನಿಧಾನವಾಗಿ ಅಗಿದು ನುಂಗಿ, ಕೊನೆಗೆ ಮೂರು ಚಮಚ ಕುಸ್ಕುಸ್ ತಿಂದು, ಉಳಿದ ಮಾಂಸ ಹಂಚಿದಳು. ಎಂಟು ತಿಂಗಳಲ್ಲಿ ಮೂವತ್ತೇಳು ಕೆ.ಜಿ. ಇಳಿದಳು.

ಆಮೇಲೆ ತಕ್ಕಡಿಯ ಮುಳ್ಳು ತೊಂಬತ್ತನಾಲ್ಕರಲ್ಲಿ ಕಾಲು ಮುರಿದುಕೊಂಡು ಕೂತಿತು. ಒಂದು ವಾರವಲ್ಲ, ಆರು ವಾರ.

ಮಗ ಮುನೀರ್‌ಗೆ ಕಾರಣ ಹುಡುಕುವ ಕಷ್ಟವೇ ಬರಲಿಲ್ಲ. ದಿನವಿಡೀ ಕುಸ್ಕುಸಿನಲ್ಲಿ ಕೈಯಿಟ್ಟುಕೊಂಡವಳು ಮೂರೇ ಚಮಚಕ್ಕೆ ನಿಲ್ಲಿಸುತ್ತಾಳೆಂದರೆ ಯಾರು ನಂಬುತ್ತಾರೆ? ಅಮ್ಮನ ಒಳ್ಳೆಯದಕ್ಕೇ ಎಂದು ಹೇಳಿ, ಹರಿವಾಣವನ್ನು ಹೊತ್ತುಕೊಂಡು ಹೋಗಿ ಜುಬೈದಾಳ ಮನೆಯಲ್ಲಿ ಇಟ್ಟು ಬಂದ. ಯಮ್ನಾ ಬಾಗಿಲಲ್ಲಿ ನಿಂತು ನೋಡಿದಳು. ಹೊಟ್ಟೆ ಕತ್ತರಿಸಿದಾಗ ಆಗದ ನೋವು ಆಗ ಆಯಿತು.

ಆದರೆ ಸುಮ್ಮನೆ ಅಳುವ ಹೆಂಗಸಲ್ಲ. ಕಡ್ಡಿ ಮುರಿದಂತೆ ಹೇಳಿದಳು: ಎರಡು ವಾರ ಒಂದು ಕಾಳೂ ಬಾಯಿಗೆ ಹಾಕುವುದಿಲ್ಲ, ಮುಳ್ಳು ಇಳಿದರೆ ಹರಿವಾಣ ಜುಬೈದಾಳಿಗೇ ಇರಲಿ, ಇಳಿಯದಿದ್ದರೆ ತಪ್ಪು ಕುಸ್ಕುಸಿನದಲ್ಲ, ಹರಿವಾಣ ಮನೆಗೆ ಬರಬೇಕು. ಹಾಗೇ ನಡೆದುಕೊಂಡಳು. ರೊಟ್ಟಿಯಿಲ್ಲ, ಕುಸ್ಕುಸ್ ಇಲ್ಲ. ಎರಡು ವಾರದ ಮೇಲೆ ಮುಳ್ಳು ತೊಂಬತ್ತನಾಲ್ಕರಲ್ಲೇ ಇತ್ತು.

ಮುನೀರ್ ತಕ್ಕಡಿ ನೋಡಿದ, ಅಮ್ಮನ ಮುಖ ನೋಡಿದ.

"ಅಮ್ಮಾ, ನಿಜ ಹೇಳು. ಕದ್ದು ತಿಂತಿದ್ದೀಯಾ?"

ಈ ಮಗನಿಗೆ ಮೊದಲ ತುತ್ತು ತಿನ್ನಿಸಿದವಳು ಯಮ್ನಾ. ಅವನು ಅವಳನ್ನೇ ಕಳ್ಳಿ ಅಂದಿದ್ದ. ಇಬ್ತಿಸಾಮಳಿಗೆ ಪಾಪ ಅನ್ನಿಸಿತು. ಅತ್ತೆಗೆ ಸಮಾಧಾನವಾಗಲಿ ಎಂದು ಚಹಾ ಮಾಡಲು ಕೂತಳು. ಪುದೀನ ತೊಳೆದಳು, ಗೋಪುರದಂಥ ಸಕ್ಕರೆ ಅಚ್ಚನ್ನು ಮೊಣಕಾಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಒಡೆದಳು. ಠಕ್, ಠಕ್. ಮುಷ್ಟಿ ಗಾತ್ರದ ಚೂರುಗಳು ಕೆಟಲಿಗೆ ಬಿದ್ದವು.

ಯಮ್ನಾ ಆ ಸುತ್ತಿಗೆಯನ್ನೇ ನೋಡಿದಳು. ಮೊನ್ನೆಯಷ್ಟೇ ಹೊಸ ಅಚ್ಚು ಬಿಚ್ಚಿದ್ದರಲ್ಲ, ಆಗಲೇ ಇನ್ನೊಂದೇ? ಮುನೀರ್ ಬೆಳಿಗ್ಗೆ ಹೋದರೆ ಸಂಜೆ ಬರುವವನು, ಇಬ್ತಿಸಾಮ್ ಕುಡಿಯುವುದು ಕಾಫಿ. ಹಾಗಾದರೆ ಈ ಸಕ್ಕರೆಯೆಲ್ಲ ಯಾರ ಹೊಟ್ಟೆಗೆ ಹೋಯಿತು? ಎದ್ದ ಕೂಡಲೇ ಎರಡು ಗ್ಲಾಸು, ಅಕ್ಕಪಕ್ಕದವರು ಬಂದರೆ ಎರಡು, ಕಾಳು ತಿನ್ನದ ಸಂಕಟಕ್ಕೆ ಇನ್ನೆರಡು. ಆಸ್ಪತ್ರೆಯಲ್ಲಿ ಊಟದ ಲೆಕ್ಕ ಬರೆದುಕೊಳ್ಳುವ ಹುಡುಗಿ ಏನೇನು ತಿನ್ನುತ್ತೀರಿ ಎಂದಾಗ ಯಮ್ನಾ ಎಲ್ಲವನ್ನೂ ಹೇಳಿದ್ದಳು, ಚಹಾ ಒಂದನ್ನು ಬಿಟ್ಟು. ಸುಳ್ಳು ಹೇಳಬೇಕೆಂದಲ್ಲ. ಚಹಾವನ್ನು ತಿನಿಸು ಎಂದು ಈ ಊರಲ್ಲಿ ಯಾರಾದರೂ ಲೆಕ್ಕ ಹಿಡಿದದ್ದುಂಟೇ? ನೀರಾಗಿ ಜಾರಿದ್ದು ಹೊಟ್ಟೆ ತುಂಬಿಸಲಿಲ್ಲ, ಮೈಗೆ ಮಾತ್ರ ಸೇರಿತು.

"ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗಾಯ್ತು," ಎಂದು ನಕ್ಕುಬಿಟ್ಟಳು. ಇಬ್ತಿಸಾಮ್ ಗ್ಲಾಸು ಚಾಚಿದಾಗ ಬಾಯಿಗೆ ಅಂಗೈ ಅಡ್ಡ ಹಿಡಿದಳು. "ನನಗೆ ಸಕ್ಕರೆ ಹಾಕದ್ದು ಮಾಡು ಮಗಳೇ. ಇವತ್ತಿಂದ."

ಮಗನಿಗೆ ಹೊಸ ಕರಾರು ಹೇಳಿದಳು. ಇನ್ನು ನಾಲ್ಕು ವಾರ. ಸಕ್ಕರೆ ಇಲ್ಲ; ಆದರೆ ಪ್ರತಿ ಶುಕ್ರವಾರ ಮಾಂಸ ತಿಂದಾದ ಮೇಲೆ ಮೂರು ಚಮಚ ಕುಸ್ಕುಸ್, ಎಲ್ಲರ ಕಣ್ಣೆದುರಿಗೇ. ಮುಳ್ಳು ಇಳಿಯದಿದ್ದರೆ ಜನ್ಮದಲ್ಲಿ ಹರಿವಾಣ ಕೇಳುವುದಿಲ್ಲ. ಮುನೀರ್ ಒಪ್ಪಿದ. ಸೋಲುತ್ತಾಳೆಂದೇ ಒಪ್ಪಿದ.

ಕಹಿ ಚಹಾ ಕುಡಿಯುವುದು ನಮ್ಮವರಿಗೆ ಜ್ವರ ಬಂದಷ್ಟು ಕಷ್ಟ. ಮೊದಲ ವಾರ ಅವಳಿಗೆ ತಲೆ ಸಿಡಿಯಿತು, ಸಿಕ್ಕಸಿಕ್ಕವರ ಮೇಲೆ ಹರಿಹಾಯ್ದಳು. ಅಕ್ಕಪಕ್ಕದವರ ಮನೆಗೆ ಹೋಗುವುದನ್ನೇ ನಿಲ್ಲಿಸಿದಳು, ಹೋದರೆ ಗ್ಲಾಸು ಬೇಡ ಎನ್ನಬೇಕಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ಶುಕ್ರವಾರದ್ದು: ಅಮ್ಮನ ಹರಿವಾಣದಲ್ಲಿ ಜುಬೈದಾ ಹೊಸೆದು ಕಳಿಸಿದ ಕುಸ್ಕುಸ್. ಒಂದು ಕಾಳು ಕಡಲೆಯಷ್ಟು, ಒಂದು ಸಾಸಿವೆಯಷ್ಟು! ಯಮ್ನಾ ಮೂರು ಚಮಚ ಎಣಿಸಿ ತಿಂದಳು.

ನಾಲ್ಕನೆಯ ವಾರ ಆಸ್ಪತ್ರೆಯ ತಕ್ಕಡಿಯ ಮೇಲೆ ನಿಂತಳು. ಮುನೀರ್ ಬಗ್ಗಿ ನೋಡಿದ. ತೊಂಬತ್ತೊಂದೂವರೆ. ಅವನು ಮತ್ತೊಮ್ಮೆ ಇಳಿದು ಹತ್ತಲು ಹೇಳಿದ. ಹತ್ತಿದಳು. ತೊಂಬತ್ತೊಂದೂವರೆ.

ಮರುದಿನ ಶುಕ್ರವಾರ. ಬೆಳಿಗ್ಗೆಯೇ ಮುನೀರ್ ಹರಿವಾಣವನ್ನು ತಲೆಯ ಮೇಲೆ ಹೊತ್ತು ತಂದ. ಅಮ್ಮನ ಮುಂದೆ ಇಳಿಸಿ, ಅವಳ ಹಣೆಗೆ ಮುತ್ತಿಟ್ಟ. ನಾನು ನಿನ್ನನ್ನು ಕಳ್ಳಿ ಅನ್ನಬಾರದಿತ್ತು ಎಂದ. ಅನ್ನಬಾರದಿತ್ತು ಎಂದು ಅವಳೂ ಒಪ್ಪಿಕೊಂಡು, ರವೆಗೆ ನೀರು ಚಿಮುಕಿಸತೊಡಗಿದಳು.

ಮಧ್ಯಾಹ್ನ ಜುಬೈದಾಳೂ ಊಟಕ್ಕೆ ಬಂದಳು, ಹರಿವಾಣ ಹೋದ ಹೊಟ್ಟೆಯುರಿಯನ್ನು ಹೊತ್ತುಕೊಂಡೇ. ತಟ್ಟೆಯಲ್ಲಿ ಎಳ್ಳಿನಂತೆ ಬಿಡಿಬಿಡಿಯಾದ ಕುಸ್ಕುಸ್, ನಡುವೆ ಕುರಿಮಾಂಸ. ಯಮ್ನಾ ಎಂದಿನಂತೆ ಮೊದಲು ನಡುವಿಗೇ ಕೈ ಹಾಕಿದಳು.

"ಗೆದ್ದಾಯ್ತಲ್ಲ ಲಲ್ಲಾ ಯಮ್ನಾ," ಎಂದಳು ಜುಬೈದಾ, ಮರ್ಯಾದೆಯ ಲಲ್ಲಾವನ್ನು ತುಸು ಎಳೆದು. "ಇನ್ನಾದರೂ ಹಿರಿಯರ ಹಾಗೆ ಕೊನೇಲಿ ತಗೋಬಾರದಾ? ಇಲ್ಲಾ ಆ ಕುಸ್ಕುಸ್ ಆದರೂ ಬಿಡಬಾರದಾ?"

ಯಮ್ನಾ ಮಾಂಸ ಅಗಿದು ಮುಗಿಸುವವರೆಗೆ ಎಲ್ಲರೂ ಕಾದರು.

"ಮುಕ್ಕಾಲು ಹೊಟ್ಟೆ ಕತ್ತರಿಸಿ ಕೊಟ್ಟಿದ್ದೀನಿ ಜುಬೈದಾ," ಎಂದಳು. "ಉಳಿದ ಕಾಲು ಭಾಗಕ್ಕೆ ಯಜಮಾನಿ ನಾನೇ."

ಆಮೇಲೆ ಚಮಚ ಎತ್ತಿಕೊಂಡಳು. ಒಂದು, ಎರಡು, ಮೂರು. ಚಮಚ ಕೆಳಗಿಟ್ಟು, ಉಳಿದ ಮಾಂಸವನ್ನು ಹರಿದು ಹಂಚಿದಳು. ಮೊದಲ ತುಂಡು ಜುಬೈದಾಳ ಮುಂದಿಟ್ಟಳು.