ಟೊಯ್ವೊ ಕೆತ್ತದ ಮೀನುಗಳು

ನಮ್ಮೂರಿನ ಗಂಡಸರ ಮೇಲೆ ನನಗೆ ಕೋಪವಿದೆ. ಹೋದ ಫೆಬ್ರುವರಿಯಲ್ಲಿ ಹತ್ತಿದ್ದು, ಇನ್ನೂ ಇಳಿದಿಲ್ಲ.

ಮಿನೆಸೋಟದ ಉತ್ತರದಲ್ಲಿ ಕೆರೆ ಹೆಪ್ಪುಗಟ್ಟಿದ ಮೇಲೆ ನಾವೆಲ್ಲ ಕಿಟಕಿಯಿಲ್ಲದ ಪುಟ್ಟ ಗುಡಿಸಲನ್ನು ಮಂಜುಗಡ್ಡೆಯ ಮೇಲೆ ಎಳೆದುಕೊಂಡು ಹೋಗಿ ಅದರೊಳಗೆ ಕೂರುವವರು. ಕತ್ತಲೆಯಲ್ಲಿ ಕೂತು, ಮಂಜುಗಡ್ಡೆ ಕೊಯ್ದು ಮಾಡಿದ ಚೌಕ ಕಿಂಡಿಯಲ್ಲಿ ದಾರ ಕಟ್ಟಿದ ಮರದ ಮೀನನ್ನು ಕುಣಿಸಬೇಕು. ಅದನ್ನು ಜೀವಂತ ಮೀನೆಂದು ನಂಬಿ ಪೈಕ್ ಎಂಬ ದೊಡ್ಡ ಬೇಟೆಮೀನು ತಿನ್ನಲು ಬಂತೋ, ಈಟಿಯಿಂದ ತಿವಿಯುವುದು. ಕೆರೆಯ ತಳ ಬೆಳ್ಳಗೆ ಕಾಣಲಿ ಎಂದು ಕೆಲವರು ಮೊಟ್ಟೆಯ ಚಿಪ್ಪು ಸುರಿಯುತ್ತಾರೆ, ಕೆಲವರು ಆಲೂಗಡ್ಡೆಯ ಹೋಳು. ಏನು ಸುರಿದರೂ ಅಷ್ಟೆ, ಮರದ ಮೀನು ಸೆಟೆದುಕೊಂಡು ನಿಂತರೆ ಪೈಕ್ ಅತ್ತ ತಲೆ ಹಾಕುವುದಿಲ್ಲ.

ಲೆಂಪಿ ಅಕ್ಕನ ಮೀನು ಸೆಟೆಯುವುದೇ ಇಲ್ಲ. ದಾರ ಒಮ್ಮೆ ಜಗ್ಗಿದರೆ ಸಾಕು, ಸುತ್ತು ಹಾಕಿ, ಸುಸ್ತಾದಂತೆ ತುಸು ವಾಲಿ, ಮತ್ತೆ ಹೊರಡುತ್ತದೆ. ಲೆಂಪಿ ಹಿಯೆಟಾಲ ನಮ್ಮ ಪಕ್ಕದ ಮನೆಯವಳು. ವಯಸ್ಸು ಎಪ್ಪತ್ತೊಂದು. ನಲವತ್ತು ವರ್ಷದಿಂದ ಅಡುಗೆಮನೆಯ ಮೇಜಿನ ಮೇಲೆ ದೇವದಾರು ಕೆತ್ತುತ್ತಾಳೆ, ಕಾಫಿ ಡಬ್ಬಿಯ ತಗಡಿನಿಂದ ರೆಕ್ಕೆ ಕತ್ತರಿಸುತ್ತಾಳೆ, ಮುಳುಗಲು ಭಾರ ಬೇಕೆಂದು ಹೊಟ್ಟೆಗೆ ಸೀಸ ಕರಗಿಸಿ ಹೊಯ್ಯುತ್ತಾಳೆ. ಆಮೇಲೆ ಬಚ್ಚಲ ತೊಟ್ಟಿಯಲ್ಲಿ ಬಿಟ್ಟು ನೋಡಿ, ರೆಕ್ಕೆಯನ್ನು ಕೂದಲೆಳೆಯಷ್ಟು ಬಗ್ಗಿಸಿ, ಸೀಸ ಕೆರೆದು, ಮತ್ತೆ ಬಿಡುತ್ತಾಳೆ. ಪೈಕ್ ಕಚ್ಚಿ ಹಾಳು ಮಾಡಿದ ಮರದ ಮೀನುಗಳನ್ನು ಊರವರೆಲ್ಲ ತರುತ್ತಿದ್ದದ್ದು ಅವಳ ಹಿಂಬಾಗಿಲಿಗೇ. ನಾನೂ ತಂದಿದ್ದೇನೆ.

"ಬಣ್ಣ ಹೋಗಿದೆ ಅಕ್ಕ, ಸ್ವಲ್ಪ ಬಳಿದುಕೊಡು" ಅಂದರೆ ಬೈಗುಳ ಗ್ಯಾರಂಟಿ.

"ಬಣ್ಣ ಬೇಕಾಗಿರೋದು ನಿನಗೆ ಕಣೋ ರೂಬೆನ್, ಪೈಕಿಗಲ್ಲ. ಅದು ನಡಿಗೆ ನೋಡ್ಕೊಂಡು ಬರುತ್ತೆ. ಸುಮ್ನೆ ಬಾಯ್ಮುಚ್ಕೊಂಡು ಏಲಕ್ಕಿ ಬ್ರೆಡ್ ತಿನ್ನು."

ಬಾಯಿ ಮುಚ್ಚಿಕೊಂಡು ಬ್ರೆಡ್ ಹೇಗೆ ತಿನ್ನುವುದು ಎಂದು ಕೇಳುವ ಧೈರ್ಯ ನನಗೆಂದೂ ಬರಲಿಲ್ಲ.

ಇನ್ನು ಅವಳ ಗಂಡ ಟೊಯ್ವೊ. ಸತ್ತವನನ್ನು ಬೈಯಬಾರದು, ಆದರೂ ಬೈಯುತ್ತೇನೆ. ಆ ಮನುಷ್ಯನಿಗೆ ಪೆನ್ಸಿಲ್ ಚೂಪು ಮಾಡಲೂ ಬರುತ್ತಿರಲಿಲ್ಲ. ಹೆಂಡತಿ ಕೆತ್ತಿದ್ದನ್ನು ಪೆಟ್ಟಿಗೆಗೆ ತುಂಬಿಕೊಂಡು, ಗಾಳ ಮಾರುವ ಅಂಗಡಿಗೆ ಹೋಗಿ, ಒಲೆಯ ಪಕ್ಕ ಕೂತು ಹರಟೆ ಹೊಡೆಯುತ್ತ ಮಾರುತ್ತಿದ್ದ. 'ಟೊಯ್ವೊ ಮೀನು' ಎಂದು ಹೆಸರು ಬಿತ್ತು. ಅವನು ತಿದ್ದಲಿಲ್ಲ. ಹೆಂಗಸು ಕೆತ್ತಿದ ಮೀನಿನಿಂದ ಪೈಕ್ ಹೊಡೆದೆ ಎಂದು ಹೇಳಿಕೊಳ್ಳಲು ಊರಿನ ಶೂರರಿಗೂ ನಾಚಿಕೆ. ಅವರೂ ತಿದ್ದಲಿಲ್ಲ.

ಟೊಯ್ವೊ ಸತ್ತು ಮೂರು ವರ್ಷವಾದ ಮೇಲೆ, ಹೋದ ಫೆಬ್ರುವರಿಯಲ್ಲಿ, ನಮ್ಮ ಮೀನುಗಾರರ ಸಂಘದಿಂದ ಅಕ್ಕನಿಗೆ ಕಾಗದ ಬಂತು. ವಾರ್ಷಿಕ ಊಟಕ್ಕೆ ಬರಬೇಕು, ನಿಮ್ಮ ಮನೆಯ ಮರದ ಮೀನುಗಳಿಗೆ ಸನ್ಮಾನವಿದೆ ಎಂದು. ಅಕ್ಕ ಅದನ್ನು ನನಗೆ ಎರಡು ಸಲ ಓದಿ ಹೇಳಿದಳು. ನೀಲಿ ಸ್ವೆಟರ್ ಹೊಸದಾಗಿ ತಂದಳು.

ಚರ್ಚಿನ ನೆಲಮಾಳಿಗೆಯಲ್ಲಿ ಮೂವತ್ತು ಗಂಡಸರು ಮಾಂಸದುಂಡೆ ತಿನ್ನುತ್ತ ಕೂತಿದ್ದೆವು. ಅಧ್ಯಕ್ಷ ಕ್ಲಿಫರ್ಡ್ ಸ್ಟ್ರೋಮ್ ಅವಳನ್ನು ಮುಂದೆ ಕರೆದು ಫಲಕ ಓದಿದ: "ನಮ್ಮ ಕೆರೆಯ ಅತ್ಯುತ್ತಮ ಕೆತ್ತನೆಗಾರ, ದಿವಂಗತ ಟೊಯ್ವೊ ಹಿಯೆಟಾಲ."

ಅಕ್ಕ ಫಲಕ ಹಿಡಿದು ನಿಂತಳು. ಮುಖ ಕೆಂಪಾಯಿತು.

"ಕ್ಲಿಫರ್ಡ್, ಹೋದ ವಾರ ನಿನ್ನ ಮೀನು ಸರಿ ಮಾಡ್ಕೊಟ್ಟಿದ್ದು ಯಾರು?"

"ನೀವೇ ಲೆಂಪಿ, ಯಾರು ಇಲ್ಲ ಅಂದ್ರು? ಆದ್ರೆ ನಿಮಗೆ ಕಲಿಸಿದ್ದು ಟೊಯ್ವೊ ಅಲ್ವಾ?"

ಕೆಲವರು ನಕ್ಕರು. ನಗುವುದಕ್ಕೇನಿತ್ತು ಅಲ್ಲಿ?

"ಅವನು ಕಲಿಸೋಕೆ ನೋಡಿದ್ದು ಹರಟೆ. ಅದನ್ನೂ ನಾನು ಕಲೀಲಿಲ್ಲ" ಎಂದ ಅಕ್ಕ ನಮ್ಮ ಕಡೆ ತಿರುಗಿದಳು. "ನನ್ನ ಮನೇಲಿ ನಿಂತು, ನಾನು ಕೆತ್ತೋದನ್ನ, ಸೀಸ ಹೊಯ್ಯೋದನ್ನ ಕಣ್ಣಾರೆ ನೋಡಿದವರು ಎಷ್ಟು ಜನ ಇದೀರಿ? ಏಳಿ ನೋಡೋಣ."

ಯಾರೂ ಏಳಲಿಲ್ಲ. ಒಬ್ಬ ಆಲೂಗಡ್ಡೆ ಕೆದಕಿದ. ಇನ್ನೊಬ್ಬನಿಗೆ ಅದೇ ಹೊತ್ತಿಗೆ ಕೆಮ್ಮು. ಹೇಡಿಗಳು! ಒಬ್ಬೊಬ್ಬರನ್ನೂ ಹೆಸರು ಹಿಡಿದು ಉಗಿಯಬಲ್ಲೆ. ಆದರೆ ಮೊದಲು ಉಗಿಸಿಕೊಳ್ಳಬೇಕಾದವನು ನಾನು. ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ಬೇರೆ ಯಾರಾದರೂ ಮೊದಲು ಏಳಲಿ ಎಂದು ಕಾಯುತ್ತ ಕೂತಿದ್ದೆ. ಅಕ್ಕ ಉಳಿದವರನ್ನು ಬಿಟ್ಟು ನನ್ನನ್ನೇ ನೋಡಿದಳು. ಆಮೇಲೆ ಫಲಕವನ್ನು ಮೇಜಿನ ಮೇಲೆ ಬೋರಲು ಹಾಕಿ, ಕೋಟು ತೊಟ್ಟು ಹೊರಟುಹೋದಳು.

ನಾಲ್ಕು ದಿನದ ಮೇಲೆ ನನ್ನ ಮೀನಿನ ರೆಕ್ಕೆಯನ್ನು ಪೈಕ್ ಕಿತ್ತುಹಾಕಿತು. ಬೇರೆಲ್ಲಿಗೆ ಹೋಗಲಿ? ಹಿಂಬಾಗಿಲು ತಟ್ಟಿದೆ. ಅಕ್ಕ ಮೀನನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದಳು, ಕಿತ್ತ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು. ನನಗೆ ಹೋದ ಜೀವ ಬಂದ ಹಾಗಾಯಿತು.

"ಅಕ್ಕ, ಅವತ್ತು ನಾನು ಏಳಬೇಕಾಗಿತ್ತು..."

ಅವಳು ಮೀನನ್ನು ನನ್ನ ಕೈಗೇ ವಾಪಸ್ಸು ಇಟ್ಟಳು.

"ಇದು ಟೊಯ್ವೊ ಮೀನು ಅಲ್ವೇನೋ? ಅವನು ಸ್ಮಶಾನದಲ್ಲಿ ಬೇಲಿ ಪಕ್ಕಾನೇ ಮಲಗಿದಾನೆ. ಅಲ್ಲಿಗೆ ತಗೊಂಡ್ಹೋಗು, ಸರಿ ಮಾಡ್ಕೊಡ್ತಾನೆ."

ಬಾಗಿಲು ಹಾಕಿಕೊಂಡಳು.