ಗೇರುಬೀಜದ ದೇಶದಿಂದ ಬಂದವಳು

ನನ್ನ ಅಮ್ಮ ಮೂವತ್ತು ವರ್ಷದಿಂದ ಗೇರುಬೀಜ ಒಡೆಯುತ್ತಿದ್ದಾಳೆ. ಕೆರಾಡಿ ಕಡೆಗೆ ಹೋಗುವ ದಾರಿಯ ಕಾರ್ಖಾನೆಯಲ್ಲಿ ಕಿಟಕಿ ಪಕ್ಕದ ಮಷಿನ್ ಅವಳದು. ಬೀಜವನ್ನು ಕೈಯಿಂದ ಮಷಿನ್‌ನಲ್ಲಿಟ್ಟು ಕಾಲಲ್ಲಿ ಪೆಡಲ್ ಒತ್ತಿದರೆ ಚಿಪ್ಪು ಬಿರಿಯುತ್ತದೆ. ಒಳಗಿನದು ತುಂಡಾಗದೆ ಇಡಿಯಾಗಿ ಬರಬೇಕು, ವಿದ್ಯೆಯೆಲ್ಲ ಅಲ್ಲೇ ಇರುವುದು. ಅಮ್ಮನಿಗೆ ಬೇರೆ ಕೆಲಸ ಬರುವುದಿಲ್ಲ, ಬೇರೆ ಹೆಮ್ಮೆಯೂ ಇಲ್ಲ.

ನಮ್ಮ ಗುಡ್ಡೆಗಳ ಬೀಜ ಮಳೆಗಾಲ ಶುರುವಾಗುವ ಹೊತ್ತಿಗೆ ಮುಗಿದುಹೋಗುತ್ತದೆ. ಉಳಿದ ತಿಂಗಳುಗಳಿಗೆ ಆಫ್ರಿಕದ ಬೀಜವೇ ಗತಿ. ಹಡಗಿನಲ್ಲಿ ಮಂಗಳೂರಿಗೆ, ಅಲ್ಲಿಂದ ಲಾರಿಯಲ್ಲಿ ಬ್ರಹ್ಮಾವರ ದಾಟಿ ನಮ್ಮಲ್ಲಿಗೆ ಬರುತ್ತದೆ. ನಾನು ಶಾಲೆಯಲ್ಲಿ ಆ ಖಂಡದ ನಕ್ಷೆ ಬಿಡಿಸಿ ಪಾಠ ಮಾಡುವವಳು. ಆದರೂ ಆ ಗೋಣಿಗಳನ್ನು ತುಂಬಿಸಿದ ಮನುಷ್ಯರು ಇದ್ದಾರೆಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ನಮ್ಮಲ್ಲಿಗೆ ಹೆಚ್ಚಿನ ಬೀಜ ಕಳಿಸುವ ದೇಶದವರು ಕಾರ್ಖಾನೆ ನೋಡಲು ಬಂದರು. ಎರಡು ಸರ್ಕಾರಗಳ ಸ್ನೇಹದ ಕಾರ್ಯಕ್ರಮವಂತೆ. ಗೇಟಿಗೆ ಎರಡು ಬಾವುಟ, ಹಾರ, ಎಳನೀರು. ಅವರಲ್ಲಿ ಒಬ್ಬಳು ರೈತ ಹೆಂಗಸು, ನನ್ನದೇ ವಯಸ್ಸು. ಅವಳಿಗೆ ಬರುವುದು ಫ್ರೆಂಚ್. ಜೊತೆಗಿದ್ದ ಅಧಿಕಾರಿಗೆ ಇಂಗ್ಲಿಷ್ ಗೊತ್ತಿತ್ತು. ಅಮ್ಮನ ಕುಂದಾಪ್ರ ಕನ್ನಡವನ್ನು ಇಂಗ್ಲಿಷ್ ಮಾಡಲು ಕಾರ್ಖಾನೆಯ ಧಣಿಗಳು ನನ್ನನ್ನು ಶಾಲೆಗೆ ರಜೆ ಹಾಕಿಸಿ ಕರೆಸಿದ್ದರು.

ಅಮ್ಮ ಅವಳನ್ನು ತನ್ನ ಮಷಿನ್‌ನಲ್ಲೇ ಕೂರಿಸಿದಳು. "ಒತ್ತುಕ್ ಮುಂಚೆ ಬೀಜದ್ ಬೆನ್ನ್ ಹೆಬ್ಬೆರಳಗೆ ಒಂದ್ ಸಲ ಸವರ್ಕ್. ಅದ್ ಎಲ್ಲಿ ಬಿರಿತ್ತ್ ಅಂತ ಅದೇ ಹೇಳತ್ತ್." ಇದನ್ನು ಅಮ್ಮ ಪಕ್ಕದ ಮಷಿನ್‌ನವರಿಗೂ ಬಾಯಿ ಬಿಟ್ಟು ಹೇಳಿದವಳಲ್ಲ. ನಾನು ಇಂಗ್ಲಿಷ್ ಮಾಡಿದೆ. ಆಮೇಲೆ ಅಮ್ಮ ಕೈಗೆ ಎಣ್ಣೆ ಹಚ್ಚಿಕೊಳ್ಳುವ ಮಾತು ತೆಗೆದಳು. ಎಣ್ಣೆ ಇಲ್ಲದ ಕೈಗೆ ಚಿಪ್ಪಿನ ಸೊನೆ ತಾಗಿದರೆ ಚರ್ಮ ಸುಟ್ಟು ಸುಲಿದು ಬರುತ್ತದೆ. ಆದರೆ ಧಣಿಗಳು ಅತಿಥಿಗೆ ಹೊಸ ಗ್ಲೌಸ್ ಕೊಡಿಸಿದ್ದರು. ನಮ್ಮವರು ಯಾರೂ ಕಂಡೇ ಇರದ ಗ್ಲೌಸ್. ಅದನ್ನು ಹಾಕಿಕೊಂಡವಳಿಗೆ ಎಣ್ಣೆ ಯಾಕೆಂದು ಆ ಮಾತನ್ನು ನಾನೇ ನುಂಗಿಬಿಟ್ಟೆ. ಊಟದ ಹೊತ್ತು ಬೇರೆ ಆಗಿತ್ತು.

ಅವಳ ಕೈಯಲ್ಲಿ ನಾಲ್ಕೈದು ಬೀಜ ಪುಡಿಯಾದವು. ಆಮೇಲೆ ಒಂದು ಇಡಿಯಾಗಿ ಬಂತು. ಕಾರ್ಖಾನೆಯೊಳಗೆ ಬೀಜ ಬಾಯಿಗೆ ಹಾಕುವಂತಿಲ್ಲ. ಆದರೆ ಹೊಸಬರು ಒಡೆದ ಮೊದಲ ಇಡಿ ಬೀಜವನ್ನು ಕಲಿಸಿದವಳೇ ಅವರ ಬಾಯಿಗೆ ಹಾಕುವುದು ನಮ್ಮ ಹೆಂಗಸರ ಕ್ರಮ. ಧಣಿಗಳೂ ಆವಾಗ ಬೇರೆ ಕಡೆ ನೋಡುತ್ತಾರೆ. ಅಮ್ಮ ಉಗುರಿನಲ್ಲಿ ಕೆಂಪು ಸಿಪ್ಪೆ ಬಿಡಿಸಿ, "ಬಾಯ್ ಆ ಮಾಡ್ ಮಗಾ" ಎಂದಳು. ಅದಕ್ಕೆ ಇಂಗ್ಲಿಷ್ ಬೇಕಾಗಲಿಲ್ಲ.

ಅವಳು ಜಗಿದಳು. ಆಮೇಲೆ ಹೇಳಿದ್ದನ್ನು ಅಧಿಕಾರಿ ನೆಲ ನೋಡಿಕೊಂಡು ನನಗೆ ದಾಟಿಸಿದ. ಎಂಟು ವರ್ಷದವಳಿದ್ದಾಗಿನಿಂದ ಈ ಬೀಜ ಹೆಕ್ಕುತ್ತಿದ್ದಾಳಂತೆ. ಹಣ್ಣು ತಿಂದಿದ್ದಾಳಂತೆ. ಚಿಪ್ಪಿನೊಳಗಿನ ಬೀಜ ತಿಂದದ್ದು ಇವತ್ತೇ ಮೊದಲಂತೆ.

ಅಮ್ಮನಿಗೆ ಹೇಳಿದರೆ ಅವಳು ನಂಬಲಿಲ್ಲ. "ನೀ ಸಮಾ ಕೇಂಡ್ಯಾ? ಇನ್ನೊಂದ್ ಸಲ ಕೇಣ್." ಮತ್ತೆ ಕೇಳಿದೆ. ಉತ್ತರ ಅದೇ. ಹೋಗುವಾಗ ಅವಳು ನನ್ನ ಫೋನ್ ನಂಬರ್ ಬರೆದುಕೊಂಡಳು.

ವರ್ಷ ತಿರುಗುವುದರೊಳಗೆ ಪೆಟ್ಟು ಬಿತ್ತು. ಆ ದೇಶದ ಸರ್ಕಾರ ಇನ್ನು ಮುಂದೆ ಹಸಿ ಬೀಜ ಹೊರಗೆ ಕಳಿಸುವುದಿಲ್ಲವಂತೆ, ಅಲ್ಲೇ ಒಡೆದು ಅಲ್ಲಿಂದಲೇ ಯುರೋಪಿಗೆ ಮಾರುತ್ತದಂತೆ. ಪೇಪರಿನ ಒಳಪುಟದಲ್ಲಿ ಬೆರಳಗಲ ಸುದ್ದಿ. ಮರುವಾರವೇ ಕಾರ್ಖಾನೆಯ ಮೇಸ್ತ್ರಿ ಹೆಂಗಸರಿಗೆಲ್ಲ, "ಬೀಜ ಇಲ್ಲೆ. ಕರದಾಗ ಬನ್ನಿ" ಎಂದರು. ಕರೆ ಬರಲಿಲ್ಲ. ಅಮ್ಮ ಮಾತ್ರ ದಿನಾ ಏಳು ಗಂಟೆಗೆ ತಲೆ ಬಾಚಿ, ಬುತ್ತಿ ಕಟ್ಟಿ, ಜಗಲಿಯಲ್ಲಿ ಕೂರುತ್ತಿದ್ದಳು. ಜೊತೆಯವರು ಬಂದು, "ಕಲ್ಸಿದ್ದ್ ನೀನೇ ಅಲ್ದಾ? ಈಗ ಅನುಭವ್ಸ್" ಎಂದು ಹೇಳಿ ಹೋದರು.

ನಾನೂ ಸುಮ್ಮನಿರಲಿಲ್ಲ. ನಮ್ಮ ಅನ್ನಕ್ಕೆ ನಾವೇ ಮಣ್ಣು ಹಾಕಿಕೊಂಡೆವು, ಊರಿಗೆ ಉಪಕಾರ ಮಾಡಲು ಹೋಗಿ ಬೀದಿಗೆ ಬಿದ್ದೆವು ಎಂದು ಕೂಗಾಡಿದೆ. ಅಮ್ಮ ಕೇಳುವಷ್ಟು ಕೇಳಿ, "ಅವ್ಳ್ ಊರಿನ್ ಬೀಜ ಅವ್ಳ್ ಒಡಿಯುದ್ರಗೆ ಎಂತ ತಪ್ಪಿತ್ತ್?" ಎಂದಳು. "ಹಂಗಾರೆ ನೀ ಎಂತ ಮಾಡ್ತೆ?" ಎಂದೆ. ಅವಳು ಬುತ್ತಿ ಎತ್ತಿಕೊಂಡು ಒಳಗೆ ಹೋದಳು.

ಕಳೆದ ಭಾನುವಾರ ನನ್ನ ಫೋನಿಗೆ ಒಂದು ಫೋಟೊ ಬಂತು. ತಗಡಿನ ಮಾಡು, ಸಾಲಾಗಿ ಮಷಿನ್‌ಗಳು. ನಡುವೆ ಆವತ್ತು ಬಂದಿದ್ದ ಆ ರೈತ ಹೆಂಗಸು, ಒಬ್ಬ ಹುಡುಗಿಯ ಬಾಯಿಗೆ ಬೀಜ ಹಾಕುತ್ತಿದ್ದಾಳೆ. ಹುಡುಗಿ ಬಾಯಿ ಆ ಮಾಡಿದ್ದಾಳೆ. ಕೆಳಗೆ ಫೋನೇ ಅನುವಾದ ಮಾಡಿಕೊಟ್ಟ ಇಂಗ್ಲಿಷ್‌ನಲ್ಲಿ, "ನಿನ್ನ ಅಮ್ಮನಿಗೆ ತೋರಿಸು" ಎಂದಿತ್ತು. ನಿನ್ನಿಂದ ನಮ್ಮ ಅಮ್ಮ ಮನೆಯಲ್ಲಿ ಕೂತಿದ್ದಾಳೆ ಎಂದು ಒಂದೂವರೆ ಸಾಲು ಬರೆದೂ ಆಗಿತ್ತು. ಅಷ್ಟರಲ್ಲಿ ಅಮ್ಮ ಫೋನ್ ಕಸಿದುಕೊಂಡಳು.

ಕಪ್ಪು ಹಿಡಿದ ಎರಡು ಬೆರಳಿನಲ್ಲಿ ಫೋಟೊ ಅಗಲಿಸಿದಳು. ಅವಳ ಮುಖವನ್ನಲ್ಲ, ಕೈಯನ್ನು. ಗ್ಲೌಸ್ ಇರಲಿಲ್ಲ. ಬೆರಳ ತುದಿಯಿಂದ ಅಂಗೈವರೆಗೆ ಚರ್ಮ ಸುಲಿದು ಬಿಳಿಚಿಕೊಂಡಿತ್ತು. ಹುಡುಗಿಯ ಕೈಯೂ ಹಾಗೇ.

"ಎಣ್ಣಿ ಹಚ್ಕಂಬುಕೆ ನೀ ಅವತ್ತ್ ಹೇಳ್ಲಿಲ್ಯಾ?" ಅಮ್ಮ ನನ್ನ ಮುಖ ನೋಡಿದಳು.

ನಾನು ಇಲ್ಲವೆಂದು ತಲೆಯಾಡಿಸಿದೆ. ಅಮ್ಮ ಬೈಯಲಿಲ್ಲ. ಫೋನನ್ನು ನನ್ನ ಕೈಗೆ ಕೊಟ್ಟು, "ಈಗ್ಲೇ ಬರಿ" ಎಂದಳು. ನಾನು ಬರೆದಿದ್ದ ಒಂದೂವರೆ ಸಾಲನ್ನು ಅಳಿಸಿ, ಎಣ್ಣೆಯ ಮಾತು ಬರೆದೆ.